ಹದಿನೇಳರ ಪಾನಾ ಯಾರು ಒಯ್ದರು?

ಗೆಳೆಯರೇ, ಹಳೇ ಜೀಪಿಗೆ ಮನೆಯಲ್ಲೇ ಕಬ್ಬಿಣದ ಚೌಕ ಪೈಪಿನ ಬಂಪರ್ ಮಾಡಿ ಮುಗಿಸುವಷ್ಟರಲ್ಲಿ ನಟ್ ಬಿಗಿಯುವ ಹದಿನೇಳರ ಪಾನಾ ಮಾಯವಾಗಿತ್ತು. ಅಂಗಳಕ್ಕೆ ಬಂದವರು ಪಕ್ಕದ ಮನೆಯ ಪದ್ಮಣ್ಣ ಕಾಕಾ ಒಬ್ಬರೇ. ಇವತ್ತು ಮುಂಜಾನೆ ಕೇಳಿಯೇಬಿಟ್ಟೆ: "ಕಾಕಾ, ನನ್ನ ಪಾನಾ ನೀವ ಒಯ್ದೀರೇನ್ರಿ?"

"ನಾ ಮುಟ್ಟೇ ಇಲ್ಲೋ ತಮ್ಮಾ."

ನಂಬಲಿಲ್ಲ. ಕಾಕಾ ಕಣ್ಣಮುಂದೆಯೇ ಇರಲಿ ಎಂದು ಜೀಪಿನಲ್ಲಿ ಕೂರಿಸಿಕೊಂಡು ಖಾನಾಪುರಕ್ಕೆ ಹೊರಟೆ. ರಸ್ತೆಯ ಮೊದಲ ಹಂಪಿನಲ್ಲೇ ಬಂಪರ್ ಒಳಗೆ ಖಣಖಣ ಸದ್ದು. ಕಾಕಾ ಇಳಿದು, ಗಾಡಿ ಅಲುಗಿಸಿ, ಕಿವಿಗೊಟ್ಟು ಕೇಳಿದರು.

"ಪಾನಾ ಒಳಗ ಬಿಟ್ಟು ನೀನ ವೆಲ್ಡಿಂಗ್ ಹೊಡದಿ ನೋಡು. ಇನ್ನೊಮ್ಮೆ ಏನರ ಕಳದ್ರ ಮೊದಲ ಗಾಡಿ ಅಲುಗಿಸು, ಆಮ್ಯಾಲ ನನ್ನ ಮನಿಗೆ ಬಾ."

ನಾಚಿಕೆಯಾಯಿತು, ಖರೆ. ಆದರೆ ನನ್ನ ಅಳತೆ ಟೇಪೂ ಕಾಣುತ್ತಿಲ್ಲ. ಬಂಪರಿನಲ್ಲಿ ಖಣಖಣ ಅನ್ನುತ್ತಿರುವುದು ಒಂದೇ ಸಾಮಾನು.