ಕೋರ್ಟಿನವರು ಬರುವ ಮುಂಚೆ ಮಾಮಾನಿಗೆ ಕೊಟ್ಟ ತಾಲೀಮು

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೋರ್ಟಿನ ಅಧಿಕಾರಿ ಮನೆಗೆ ಬರುವುದಕ್ಕೆ ಮುಂಚೆ ನಾನೇ ಆ ಅಧಿಕಾರಿಯಾಗಿಬಿಟ್ಟಿದ್ದೆ.

ಮಾಮಾ ಅವ್ವನ ತಮ್ಮ. ವಯಸ್ಸು ನಲವತ್ತು, ಹುಟ್ಟಿನಿಂದ ಬುದ್ಧಿ ನಿಧಾನ. ಅಜ್ಜಿ ತೀರಿಕೊಂಡ ಮೇಲೆ ನಮ್ಮ ಠಾಣೆ ಶಹರದ ಕೋರ್ಟು ಅವ್ವನನ್ನೇ ಅವನ ಪಾಲಕಿಯನ್ನಾಗಿ ನೇಮಿಸಿತ್ತು. ಅಷ್ಟರಲ್ಲಿ ಬದಲಾಪುರದಲ್ಲಿರುವ ಅವ್ವನ ಅಣ್ಣ, "ಆಕೆ ಸರಿಯಾಗಿ ನೋಡಿಕೊಳ್ಳುತ್ತಿಲ್ಲ, ತಮ್ಮನನ್ನು ನನಗೆ ಒಪ್ಪಿಸಿ" ಎಂದು ಅರ್ಜಿ ಗುಜರಾಯಿಸಿದ. ಅಧಿಕಾರಿಯೊಬ್ಬರು ಮನೆಗೆ ಬಂದು ನೋಡಿ ವರದಿ ಕೊಡಲಿ ಎಂದು ಆದೇಶವಾಯಿತು. ವರದಿ ಕೆಟ್ಟರೆ ಮಾಮಾ ಬದಲಾಪುರದ ಪಾಲು. ಅವ್ವನಿಗೆ ಅನ್ನ ಸೇರುತ್ತಿರಲಿಲ್ಲ.

ಹೀಗಾಗಿ ವರ್ತಕ ನಗರದ ನಮ್ಮ ಖೋಲಿಯಲ್ಲಿ ನಾನು ತಾಲೀಮು ಶುರು ಮಾಡಿದೆ. ಮೂಗಿನ ತುದಿಗೆ ಅವ್ವನ ಚಾಳೀಸು, ಕಂಕುಳಲ್ಲಿ ರೊಟ್ಟಿ ಬಡಿಯುವ ಹಲಗೆಯೇ ಫೈಲು, ಗಂಟಲಲ್ಲಿ ಗಡಸು ಸಾಹೇಬ. ಸರಿಯುತ್ತರಕ್ಕೊಂದು ಶೇಂಗಾ ಚಿಕ್ಕಿ. ವಾರದಲ್ಲಿ ಮಾಮಾ ಪಕ್ಕಾ ಆದ, ಚಿಕ್ಕಿ ಡಬ್ಬಿ ಖಾಲಿಯಾಯಿತು. ಅರ್ಧ ತಿಂದವನು ಸಾಹೇಬನೇ.

ಬಂದವರು ತೆಳ್ಳನೆ ದನಿಯ ಮೇಡಮ್. ಸೊಲ್ಲಾಪುರದ ಕಡೆಯವರು, ಕನ್ನಡ ಬಲ್ಲವರು.

"ಊಟ ಸರಿಯಾಗಿ ಕೊಡ್ತಾರೇನ್ರಿ?"

ಮಾಮಾ ಖೊಳ್ಳನೆ ನಕ್ಕ. "ಸಾಹೇಬ್ರು ಹಿಂಗ ಮಾತಾಡಂಗಿಲ್ಲ. ದನಿ ದಪ್ಪ ಮಾಡ್ರಿ."

ಮೇಡಮ್ ಅವ್ವನನ್ನು ನೋಡಿದರು, ಅವ್ವ ನನ್ನನ್ನು ನೋಡಿದಳು, ನಾನು ಫ್ಯಾನು ನೋಡಿದೆ. ಪುಣ್ಯಾತಗಿತ್ತಿ ನಿಜಕ್ಕೂ ದನಿ ದಪ್ಪ ಮಾಡಿ ಮತ್ತೊಮ್ಮೆ ಕೇಳಿದರು!

"ದಿನಾ ಬಿಸಿ ರೊಟ್ಟಿ," ಎಂದ ಮಾಮಾ ಅಂಗೈ ಚಾಚಿದ. "ಚಿಕ್ಕಿ ಕೊಡ್ರಿ."

ಪೆನ್ನು ನಿಂತಿತು. "ಇದನ್ನೆಲ್ಲಾ ಯಾರ್ ಹೇಳಿಕೊಟ್ರು?"

"ಮೂಳಾ, ನಿನ್ನ ಸಲುವಾಗಿ ನನ್ನ ತಮ್ಮನ್ನ ಕಳಕೊಂಡೆ," ಎಂದು ಅವ್ವ ಪಿಸುಗುಟ್ಟಿದಳು. "ನಾನೇ, ಮೇಡಮ್" ಎನ್ನಲು ಹೋದೆ. ಹೆದರಿಕೆಗೆ ಬಾಯಿಂದ ಸಾಹೇಬನ ಗಡಸು ದನಿಯೇ ಹೊರಬಿತ್ತು. ಮಾಮಾ ಚಪ್ಪಾಳೆ ತಟ್ಟಿದ.

ಮೇಡಮ್ ನಗು ನುಂಗಿ ಅವ್ವನಿಗೂ ನನಗೂ ಬಾಯಿ ಮುಚ್ಚಿಕೊಂಡು ಕೂಡಲು ಹೇಳಿದರು. ಆಮೇಲೆ, ನಾನು ಕನಸಿನಲ್ಲೂ ತಾಲೀಮು ಮಾಡಿಸದಿದ್ದ ಪ್ರಶ್ನೆಯನ್ನು ಮಾಮಾನಿಗೇ ಕೇಳಿದರು: "ಇಲ್ಲೇ ಇರ್ತೀರೋ, ಬದಲಾಪುರಕ್ಕ ಹೋಗ್ತೀರೋ?"

ಅವನು ಅಂದದ್ದನ್ನು ಅವರು ವರದಿಯಲ್ಲಿ ಇದ್ದ ಹಾಗೇ ಬರೆದುಕೊಂಡರು, ಕೋರ್ಟು ಅರ್ಜಿಯನ್ನು ವಜಾ ಮಾಡಿತು. ಅವ್ವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಮಾಮಾ ಅಂದದ್ದು ಇಷ್ಟೇ:

"ನಾ ಅಕ್ಕನ ಕಡೇನ ಇರ್ತೀನ್ರಿ. ಬದಲಾಪುರಕ್ಕ ಇವನ್ನ ಕಳಸ್ರಿ."