ಸೀರಿ ಪೈಕಿ

ಮೊನ್ನೆ ಅಂಗಡಿಯಲ್ಲಿ ಹೊಸ ಕೈಮಗ್ಗದ ಸೀರೆಯ ಮಡಿಕೆ ಬಿಚ್ಚಿದರು. ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ಸೆರಗನ್ನು ಗಟ್ಟಿಯಾಗಿ ಹಿಡಿದುಬಿಟ್ಟಿತು. ಹೆಂಡತಿ, "ಬಿಡ್ರಿ, ಇಲ್ಲಿ ಹಳ್ಳ ಬಂದಿಲ್ಲ" ಎಂದಳು. ಆ ಹಳ್ಳದ ಕಥೆ ನಿಮಗೂ ಹೇಳಬೇಕು.

ಐವತ್ತರ ದಶಕದ ಮಾತು. ಧಾರವಾಡದ ಕಾಲೇಜಿನಿಂದ ರಜೆಗೆ ಬಂದವನು ಹೊಳೆಆಲೂರಲ್ಲಿ ರೈಲು ಇಳಿದು, ರೋಣದ ಕಡೆ ಹೊರಟಿದ್ದ ಚಕ್ಕಡಿ ಹತ್ತಿದೆ. ಹೊಡೆಯುವವನು ಜಕ್ಕಲಿಯ ಹನಮಪ್ಪ. ಒಳಗೆ ಸೀರೆಗಂಟು ತಬ್ಬಿ ಕೂತ ಗಜೇಂದ್ರಗಡದ ನೇಕಾರರ ನೀಲವ್ವ; ತಮ್ಮ ಹಿತ್ತಾಳೆಯ ನೀರಿನ ತಂಬಿಗೆಯನ್ನು ಯಾರೂ ಮುಟ್ಟದಂತೆ ಮಡಿಲಲ್ಲಿಟ್ಟುಕೊಂಡ ನರೇಗಲ್ಲಿನ ಸಾಹುಕಾರರು.

ನಮ್ಮ ಸೀಮೆಯಲ್ಲಿ ಹೆಸರಿಗಿಂತ ಮೊದಲು "ಯಾರ ಪೈಕಿ?" ಎಂದು ಕೇಳುತ್ತಾರೆ. ಉತ್ತರದಲ್ಲಿ ಒಬ್ಬ ಬೀಗನಾದರೂ ಸಿಕ್ಕರೆ ಬುತ್ತಿ ಬಿಚ್ಚುತ್ತದೆ, ಇಲ್ಲದಿದ್ದರೆ ಮುಖ ಆಚೆ ತಿರುಗುತ್ತದೆ. ಮೂವರೂ ತಮ್ಮತಮ್ಮಲ್ಲಿ ನಂಟು ಹುಡುಕಿ ಸೋತು ನನ್ನನ್ನು ಕೇಳಿದರು. ಆಗ ನಾನು ಭಾರಿ ಓದಿಕೊಂಡವನಲ್ಲವೇ? "ನಾ ಮನುಷ್ಯಾರ ಪೈಕಿ" ಎಂದೆ.

"ಅಯ್ಯ, ಹಂಗಾರ ನಿನಗ ಹೆಣ್ಣ ಯಾರ ಕೊಡ್ತಾರೋ ತಮ್ಮಾ?" ಎಂದಳು ನೀಲವ್ವ. ಸಾಹುಕಾರರೂ ನಕ್ಕರು.

ದಾರಿಗೆ ಅಡ್ಡ ಬಂದ ಹಳ್ಳದಲ್ಲಿ ಪಾದ ಮುಳುಗುವಷ್ಟೇ ನೀರು. "ಮಳಿ ಗದಗಿನ ಕಡಿ ಐತ್ರಿ, ನಮಗೇನ" ಎಂದು ಹನಮಪ್ಪ ಎತ್ತು ಇಳಿಸಿದ. ನಡುಹಳ್ಳದಲ್ಲಿದ್ದಾಗ ಆ ಕಡೆಯ ಮಳೆ ಹಳ್ಳ ಹಿಡಿದೇ ಬಂತು. ಚಕ್ಕಡಿ ವಾಲಿತು. ಹನಮಪ್ಪ ಕೊರಳ ಹಗ್ಗ ಕೊಯ್ದು ಎತ್ತುಗಳನ್ನು ಬಿಟ್ಟ. ಅವುಗಳ ಹಿಂದೆ ಮೂವರೂ ಗಂಟು, ತಂಬಿಗೆ ಸಮೇತ ದಂಡೆ ಸೇರಿದರು. ನಾನು ಪುಸ್ತಕದ ಟ್ರಂಕು ಬಿಡಲೊಲ್ಲದೆ ಹಿಂದುಳಿದೆ. ಟ್ರಂಕು ಹೋಯಿತು, ಜಾಲಿಯ ಟೊಂಗೆಯೊಂದು ಕೈಗೆ ಸಿಕ್ಕಿತು. ಅದು ಲಟಲಟ ಎಂದದ್ದು ಇವತ್ತಿಗೂ ಕಿವಿಯಲ್ಲಿದೆ. ಬಕೆಟ್ಟಿಗೆ ನೀರು ಬಿದ್ದರೂ ನನ್ನ ಕಾಲ್ಬೆರಳುಗಳು ನೆಲ ಹುಡುಕುತ್ತವೆ.

ನೀಲವ್ವ ಗಂಟು ಬಿಚ್ಚಿ ಎರಡು ಹೊಸ ಸೀರೆ ಒಂದಕ್ಕೊಂದು ಕಟ್ಟಿ ನನ್ನತ್ತ ಎಸೆದಳು. ಗಾಳಿಗೆ ತುದಿ ತಿರುಗಿ ಅವಳ ಮೇಲೇ ಬಿತ್ತು. "ಭಾರ ಬೇಕ್ರಿ!" ಎಂದು ಕೂಗಿದಳು. ಸಾಹುಕಾರರು ತಂಬಿಗೆಯ ನೀರು ಚೆಲ್ಲಿ, "ಕಟ್ಟವಾ, ಲಗೂ ಕಟ್ಟು" ಎಂದರು. ಹನಮಪ್ಪ ಬೀಸಿ ಎಸೆದ. ತಂಬಿಗೆ ನೇರವಾಗಿ ನನ್ನ ಹಣೆಗೇ ಬಂತು. ಗಂಜಿಯ ವಾಸನೆಯ ಸೆರಗನ್ನು ನಾನು ಗಟ್ಟಿಯಾಗಿ ಹಿಡಿದೆ, ಮೂವರೂ ಎಳೆದರು.

ದಂಡೆಯಲ್ಲಿ ನನ್ನ ಅಂಗೈ ಕೆಂಪಾಗಿತ್ತು. ರಕ್ತವೆಂದು ಅತ್ತುಬಿಟ್ಟೆ. ನೀಲವ್ವ ಉಜ್ಜಿ ನೋಡಿ ಪಿಸುಗುಟ್ಟಿದಳು: "ಸೀರಿ ಬಣ್ಣ ಬಿಟ್ಟೈತಿ. ಯಾರ ಮುಂದೂ ಹೇಳಬ್ಯಾಡಪಾ, ನಮ್ಮ ಮಗ್ಗದ ಮರ್ಯಾದಿ ಹೋಗ್ತೈತಿ."

ಸದ್ದು ಕೇಳಿ ಓಡಿಬಂದ ಹೊಲದವನೊಬ್ಬ ಮೊದಲು ಕೇಳಿದ್ದು, "ಯಾರ ಪೈಕಿರೀ ನೀವೆಲ್ಲಾ?" ಸಾಹುಕಾರರು ನೆಗ್ಗಿದ ತಂಬಿಗೆ ಅವನ ಕೈಗೆ ಕೊಟ್ಟು, "ಎಲ್ಲಾರೂ ಒಂದ ಸೀರಿ ಪೈಕಿ. ನೀರ ತಾ" ಎಂದರು. ಒಂದೇ ತಂಬಿಗೆಯಲ್ಲಿ ಎಲ್ಲರೂ ಕುಡಿದೆವು.

ಆಮೇಲೆ ನಮ್ಮ ನಾಲ್ವರಲ್ಲಿ ಯಾರ ಮನೆಯ ಮದುವೆಯಲ್ಲೂ 'ಸೀರಿ ಪೈಕಿ'ಯವರಿಗೆ ಊಟಕ್ಕೆ ಒಂದು ಸಾಲು ಇದ್ದೇ ಇರುತ್ತಿತ್ತು. ನನಗೆ ಹೆಣ್ಣು ನೋಡಿದವಳೂ ನೀಲವ್ವನೇ.

ಅಂಗಡಿಯ ಹುಡುಗ ನನ್ನ ಮುಷ್ಟಿಯನ್ನೇ ನೋಡುತ್ತಿದ್ದ. "ಹೆದರಬ್ಯಾಡ್ರಿ ಅಜ್ಜಾರ, ಬಣ್ಣ ಬಿಡೂದಿಲ್ಲ" ಎಂದ.

"ಬಿಟ್ರೂ ಯಾರ ಮುಂದೂ ಹೇಳೂದಿಲ್ಲಪಾ" ಎಂದೆ. ಕೈ ತಾನಾಗಿ ಸಡಿಲಾಯಿತು.