ಚುಕ್ಕಾಣಿ ಸಿಕ್ಕ ಭಾನುವಾರ

ನಿವೃತ್ತರಾದ ಮೇಲೆ ದಿನಾ ಸ್ವಲ್ಪ ನಡೆಯಿರಿ ಎಂದು ಡಾಕ್ಟರು ಹೇಳಿದ್ದಕ್ಕೆ ನನ್ನ ಗಂಡ ಹಾಯಿದೋಣಿ ನಡೆಸುವುದೆಂದು ತೀರ್ಮಾನಿಸಿದರು. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದವರಿಗೆ ಶಿವಮೊಗ್ಗದ ಮನೆಯಲ್ಲಿ ಕೂಗಾಡಲು ನಾನೊಬ್ಬಳು ಸಾಲುತ್ತಿರಲಿಲ್ಲವೇನೋ. ಭದ್ರಾ ಹಿನ್ನೀರಿನಲ್ಲಿ ನಾಲ್ಕು ಭಾನುವಾರದ ತರಬೇತಿ, ದಂಪತಿಗಳಿಗೆ ಒಂದು ದೋಣಿ. ನಾನು ತಕ್ಷಣ ಒಪ್ಪಿದೆ. ನನ್ನ ಕಣ್ಣು ಚುಕ್ಕಾಣಿಯ ಮೇಲಿತ್ತು.

ಮದುವೆಯಾದ ಹೊಸದರಲ್ಲಿ ಆಲ್ಕೊಳ ಸರ್ಕಲ್ಲಿನ ಹತ್ತಿರ ಅವರು ನನಗೆ ಸ್ಕೂಟರ್ ಕಲಿಸಿದ್ದರು. ಕಲಿಸಿದ್ದು ಎಂದರೆ ಹಿಂದೆ ಕೂತು ಕಿವಿಯಲ್ಲಿ ಕಿರುಚಿದ್ದು. ಮೂರನೇ ದಿನಕ್ಕೆ ಕೈಬಿಟ್ಟೆ. ಅಂದಿನಿಂದ ಹಿಂದಿನ ಸೀಟೇ ಖಾಯಂ. ಕಾರು ಬಂದಾಗ ಪಕ್ಕದ ಸೀಟಿಗೆ ಬಡ್ತಿ ಸಿಕ್ಕಿತು. ಸಾಯುವುದರೊಳಗೆ ಒಂದು ಸಲವಾದರೂ ಏನನ್ನಾದರೂ ನಾನೇ ನಡೆಸಬೇಕೆಂಬ ಆಸೆ ಮಾತ್ರ ಹೋಗಿರಲಿಲ್ಲ.

ಮೂರು ಭಾನುವಾರ ಚುಕ್ಕಾಣಿ ಅವರ ಕೈಯಲ್ಲೇ ಇತ್ತು. ನನಗೆ ಹಗ್ಗ ಎಳೆಯುವ ಕೆಲಸ, ಎಳೆದಿದ್ದಕ್ಕೆ ಬೈಸಿಕೊಳ್ಳುವ ಕೆಲಸ. ಕಲಿಸುವವರು ಕರಾವಳಿಯ ಕಡೆಯವರು, ಮಾತು ಕಮ್ಮಿ. ಗಾಳಿ ಜೋರಾದರೆ ಹಾಯಿ ಇಳಿಸಿ, ಆಗದಿದ್ದರೆ ದೋಣಿಯ ಮೂತಿಯನ್ನು ಗಾಳಿಗೇ ತಿರುಗಿಸಿ, ಅದು ತಾನಾಗಿ ನಿಲ್ಲುತ್ತದೆ ಎಂದು ಅವರು ಹೇಳಿದರೆ, ನನ್ನ ಗಂಡ ಅದನ್ನು ಅವರಿಗೇ ಇನ್ನೊಮ್ಮೆ ವಿವರಿಸುತ್ತಿದ್ದರು.

ಕೊನೆಯ ಭಾನುವಾರ ನಾವಿಬ್ಬರೇ ಹೋಗಬೇಕಿತ್ತು. ಪೂಜೆ ಮಾಡದೆ ಹೊಸ ಮೆಷಿನ್ನಿನ ಸ್ವಿಚ್ ಒತ್ತದ ಜನ ನಾವು, ದೋಣಿಯನ್ನು ಬಿಟ್ಟೇವೆಯೇ? ಚಕ್ರವಿಲ್ಲದ ವಾಹನಕ್ಕೆ ನಿಂಬೆಹಣ್ಣು ಎಲ್ಲಿಡುವುದೆಂಬ ಚರ್ಚೆಯಲ್ಲೇ ಅರ್ಧ ಗಂಟೆ ಹೋಯಿತು. ಕಲಿಸುವವರು ತಮ್ಮ ಮೋಟಾರು ದೋಣಿಯ ರಿಪೇರಿಯಲ್ಲಿದ್ದಾಗ, ಇನ್ನೂ ನೆಲದ ಮೇಲೆ ಮಲಗಿದ್ದ ಹಾಯಿಕಂಬದ ತುದಿಗೆ, ಹಾಯಿ ಏರಿಸುವ ರಾಟೆಯ ಪಕ್ಕದಲ್ಲೇ, ನಾನು ಚೆಂಡುಹೂವಿನ ಹಾರ ಬಿಗಿದೆ. ಬಿಚ್ಚದ ಹಾಗೆ ಮೂರು ಗಂಟು ಹಾಕಿದೆ. ಬುದ್ಧಿವಂತಿಕೆ ಎಂದರೆ ಇದು.

ನೀರಿನ ಮಧ್ಯಕ್ಕೆ ಹೋಗುವಷ್ಟರಲ್ಲಿ ಗಾಳಿ ಎದ್ದಿತು. ಹಾಯಿ ಇಳಿಸಲು ಹೋದರೆ ಬರಲಿಲ್ಲ. ಹಾರದ ದಾರ ರಾಟೆಯೊಳಗೆ ಸೇರಿ ಹಗ್ಗ ಕಚ್ಚಿಕೊಂಡಿತ್ತು. ದೋಣಿ ಒಂದು ಕಡೆ ವಾಲಿ ಓಡತೊಡಗಿತು. ಫೋರ್‌ಮನ್ ಸಾಹೇಬರು ಚುಕ್ಕಾಣಿ ಬಿಟ್ಟು, ಎದ್ದು ನಿಂತು, ಎರಡೂ ಕೈಯಲ್ಲಿ ಹಾಯಿಯನ್ನು ಜಗ್ಗಿದರು. ನೀರು ಒಳಗೆ ಬಂತು.

ನಾನು ಹಾರಿ ಚುಕ್ಕಾಣಿ ಹಿಡಿದೆ.

"ಕೂತ್ಕೊಳೋ ಮಾರಾಯ! ತಲೆ ಬಗ್ಸು! ಹೇಳಿದ್ದು ಕೇಳಲ್ವಾ?"

ಇಷ್ಟು ವರ್ಷದ 'ರೀ' ಅಲ್ಲೇ ನೀರುಪಾಲಾಯಿತು. ಅವರು ತೆಪ್ಪಗೆ ಕೂತು ತಲೆ ಬಗ್ಗಿಸಿದರು. ನಾನು ಮೂತಿಯನ್ನು ಗಾಳಿಗೆ ತಿರುಗಿಸಿದೆ. ಹಾಯಿ ಪಟಪಟ ಬಡಿದುಕೊಂಡಿತು, ದೋಣಿ ನಿಂತಿತು. ಅಷ್ಟಾದರೂ ನನ್ನ ಬಾಯಿ ನಿಲ್ಲಲಿಲ್ಲ. ಅಲುಗಾಡಬೇಡ, ಆ ಹಗ್ಗ ಮುಟ್ಟಬೇಡ, ತಲೆ ಇದೆಯಾ ಇಲ್ಲವಾ ಎಂದು ಮೋಟಾರು ದೋಣಿ ಬಂದು ನಮ್ಮನ್ನು ಎಳೆದುಕೊಂಡು ಹೋಗುವವರೆಗೂ ಕೂಗುತ್ತಲೇ ಇದ್ದೆ.

ದಡದಲ್ಲಿ ಒದ್ದೆ ಬಟ್ಟೆಯಲ್ಲೇ ಟೀ ಹಿಡಿದು ಕೂತೆವು. ನಾನು ಲೋಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದೆ. ಚುಕ್ಕಾಣಿ ಸಿಕ್ಕಿದ್ದಕ್ಕೆ ಹಿಗ್ಗಬೇಕಿತ್ತು, ನಾಚಿಕೆಯಾಗುತ್ತಿತ್ತು. ಅವರು ನನ್ನ ಕೈಯನ್ನೇ ನೋಡುತ್ತಿದ್ದರು.

"ಭಯ ಆಯ್ತೇನೇ?"

"ಮುಳುಗೇ ಹೋಗ್ತೀವಿ ಅಂದ್ಕೊಂಡೆ. ಅದಕ್ಕೇ ಹಂಗೆ ಕೂಗಿದ್ದು."

ಅವರು ಲೋಟ ಕೆಳಗಿಟ್ಟರು.

"ನಂಗೂ ಹಂಗೇ ಆಗೋದು ಮಾರಾಯ್ತಿ. ಮೊದ್ಲಿಂದ್ಲೂ."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ರೇಗಿತು. ಅವರ ಭಯವನ್ನು ಸಿಟ್ಟು ಎಂದುಕೊಂಡು ನಾನು ಏನೇನೆಲ್ಲ ಕಲಿಯದೆ ಬಿಟ್ಟಿದ್ದೆ.